ಅಳಬಾರದೆಂದು ಎಲ್ಲಿ ಬರೆದಿದೆ?

ಕುಲಿಪಾ ಕಿರ್ಗಿಜ್ ನಾಡಿನ ಚೋಲೋಕ್-ತೆರೆಕ್ ಊರಿನ ಶಾಲೆಯಲ್ಲಿ ಒಲೆ ಉರಿಸುವವಳು. ಚಳಿಗಾಲವಿಡೀ ಕಲ್ಲಿದ್ದಲು ಹೊತ್ತು, ಬೂದಿ ಬಾಚಿ, ಮಕ್ಕಳು ಬರುವಷ್ಟರಲ್ಲಿ ತರಗತಿಗಳ ಕೊಳವೆಗಳು ಬಿಸಿಯಾಗಿರುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಶಾಲೆಯ ದೊಡ್ಡ ಕಡಾಯಿಗಳೂ ಅವಳ ಸುಪರ್ದಿನಲ್ಲೇ ಇವೆ. ಊರಲ್ಲಿ ಯಾರು ಸತ್ತರೂ ಕುದುರೆ ಮಾಂಸ ಬೇಯುವುದು ಆ ಕಡಾಯಿಗಳಲ್ಲಿ. ಹಾಗಾಗಿ ಯಾವ ಮನೆಯಲ್ಲಿ ಸಾವಾದರೂ ಮುಲ್ಲಾನ ಮನೆಗೆ ಒಬ್ಬ ಓಡಿದರೆ ಕುಲಿಪಾಳ ಒಲೆಮನೆಗೆ ಇನ್ನೊಬ್ಬ ಓಡುತ್ತಾನೆ.

ಹಿಂದೆ ಹಾಗೆ ಓಡಿ ಬರುತ್ತಿದ್ದವರು ಕಡಾಯಿಗಿಂತ ಮೊದಲು ಅಳಲು ಅವಳನ್ನೇ ಕರೆಯುತ್ತಿದ್ದರು. ನಮ್ಮಲ್ಲಿ ಸಾವಾದ ಮನೆಯ ಅಂಗಳದಲ್ಲಿ ಉಣ್ಣೆಯ ಗುಡಾರ ಏಳುತ್ತದೆ. ಹೆಣ ಒಳಗೆ, ಪರದೆಯ ಹಿಂದೆ. ಮನೆಯ ಹೆಂಗಸರು ಬಾಗಿಲಿಗೆ ಬೆನ್ನು ಹಾಕಿ, ಗುಡಾರದ ಗೋಡೆಗೆ ಮುಖ ಮಾಡಿ ಕೂತು ಹಾಡಿಕೊಂಡು ಅಳುತ್ತಾರೆ. ಗಂಡಸರು ಹೊರಗೆ ಸಾಲಾಗಿ ಕೋಲೂರಿ ಬಗ್ಗಿ ನಿಂತು ಗೋಳಿಡುತ್ತಾರೆ. ಬಂದವರು ಗೇಟಿನಿಂದಲೇ ದನಿ ತೆಗೆದು ಅಳುತ್ತ ಬರಬೇಕು, ಗುಡಾರದವರು ಅದಕ್ಕೆ ದನಿ ಕೊಡಬೇಕು. ದನಿಗೆ ದನಿ ಸಿಗದಿದ್ದರೆ ಆ ಮನೆಯ ಮಾನ ಹೋದಂತೆ. ಹೆಂಗಸರ ಆ ಅಳುಹಾಡಿಗೆ ಕೊಶೋಕ್ ಎನ್ನುತ್ತಾರೆ. ಸತ್ತವರು ಏನು ಉಂಡರು, ಏನು ಹೊಲಿದರು, ಯಾರೊಂದಿಗೆ ಜಗಳವಾಡಿದರು, ಎಲ್ಲವೂ ಅದರಲ್ಲಿ ಬರಬೇಕು. ಕುಲಿಪಾ ಅದನ್ನು ಅಜ್ಜಿಯಿಂದ ಕಲಿತವಳು. ಅವಳು ಕೂತ ಗುಡಾರದ ಹೊರಗೆ, ಮಾತು ಬಿಟ್ಟ ದಾಯಾದಿಗಳು ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ಅತ್ತದ್ದುಂಟು.

ಗಂಡ ಕುಡಿದು ಹಿಮದಲ್ಲಿ ಬಿದ್ದು ಸತ್ತ ಮೇಲೆ ಕುಲಿಪಾಳೂ ಬಾಟಲಿಗೆ ಕೈ ಹಾಕಿದಳು. ಬಂಧುಗಳು ಬಾಗಿಲಲ್ಲಿ ನಿಂತು ಬುದ್ಧಿ ಹೇಳಿ ಹೋದರು. ಒಳಗೆ ಬಂದು ಕಸ ಗುಡಿಸಿದವರು, ಅವಳ ತಲೆ ಬಾಚಿದವರು, ರೊಟ್ಟಿ ಸುಟ್ಟು ತಿನ್ನಿಸಿದವರು ಊರಿನ ಕ್ರೈಸ್ತ ಪ್ರಾರ್ಥನಾ ಮನೆಯ ಹೆಂಗಸರು. ಆ ಋಣವನ್ನು ಅವಳು ಇವತ್ತಿಗೂ ಮರೆತಿಲ್ಲ, ಇಲ್ಲಿ ನಾವೂ ಮರೆಯುವುದು ಬೇಡ. ಅವಳು ಬಾಟಲಿ ಬಿಟ್ಟಳು, ಹೊಳೆಯ ಕೊರೆಯುವ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದಳು. ಮುಳುಗಿಸಿದವನು ಪಾಸ್ಟರ್ ಮಕ್ಸಾತ್. ಸೋವಿಯತ್ ಕಾಲದ ಸಾಮೂಹಿಕ ಬೇಸಾಯ ಸಂಘದ ಅಧ್ಯಕ್ಷರ ಮಗ, ರಾಜಧಾನಿಯಲ್ಲಿ ಓದಿ ಬಂದವನು, ಒಳ್ಳೆಯ ಮಾತುಗಾರ. ಅವಳ ಕೈಗೆ ಕಿರ್ಗಿಜ್ ಬೈಬಲ್ ಕೊಟ್ಟು ಅವನು ಅಂದಿದ್ದ:

"ಎಜೆ, ಅಕ್ಕ ಅಂತ ಸಲಿಗೆಯಿಂದ ಹೇಳ್ತಾ ಇದೀನಿ, ನಾನು ಹೇಳ್ದೆ ಅಂತ ಯಾವುದನ್ನೂ ನಂಬಬೇಡಿ. ತೆಗೆದು ನೋಡಿ. ಪೌಲನಂಥ ಪೌಲ ಬೋಧನೆ ಮಾಡಿದಾಗಲೂ ಬೆರೋಯ ಊರಿನೋರು ಗ್ರಂಥ ಬಿಚ್ಚಿ ಹೌದೋ ಅಲ್ವೋ ಅಂತ ನೋಡಿದ್ರು."

ಒಳ್ಳೆಯ ಮಾತು. ಅದನ್ನು ಯಾರಾದರೂ ನಿಜಕ್ಕೂ ಮಾಡಿಯಾರು ಎಂದು ಮಾತ್ರ ಅವನು ಎಣಿಸಿರಲಿಲ್ಲ.

ಮಕ್ಸಾತನ ಕಟ್ಟಪ್ಪಣೆಗಳಲ್ಲಿ ಒಂದು: ಕ್ರಿಸ್ತನನ್ನು ನಂಬಿದವರು ಸಾವಿನ ಗುಡಾರದೊಳಗೆ ಕೂರಕೂಡದು, ಹಾಡಿ ಅಳಕೂಡದು. ಕೂತರೆ ಸಭೆಯಿಂದ ಹೊರಗೆ. ತಮಾಷೆಯೆಂದರೆ ಮಸೀದಿಯ ಮುಲ್ಲಾನೂ ಇದನ್ನೇ ಹೇಳುತ್ತಿದ್ದ. ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದ ಇವರಿಬ್ಬರೂ ಹೆಂಗಸರ ಬಾಯಿ ಮುಚ್ಚಿಸುವ ವಿಷಯಕ್ಕೆ ಮಾತ್ರ ಅಣ್ಣತಮ್ಮಂದಿರು. ಮುಲ್ಲಾನ ಮಾತನ್ನು ಊರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿತು. ಕುಲಿಪಾ ಪಾಸ್ಟರನ ಮಾತನ್ನು ಪಾಲಿಸಿದಳು.

ಅವಳ ಅಪ್ಪ ತೀರಿಕೊಂಡಾಗ ಕಡಾಯಿ ತಂದಿಟ್ಟು, ಗುಡಾರದ ಹೊರಗೆ ಕುದುರೆ ಕಟ್ಟುವ ಗೂಟದ ಪಕ್ಕ ಒಣಗಣ್ಣಲ್ಲಿ ನಿಂತುಬಿಟ್ಟಳು. ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು. ಗೇಟಿನಿಂದ ಬಂದ ದನಿಗಳಿಗೆಲ್ಲ ಒಳಗಿನಿಂದ ಅವಳ ತಾಯಿ ಸಾಲ್ಕಿನ್‌ಳ ಒಡಕು ದನಿಯೊಂದೇ ಉತ್ತರ ಕೊಡುತ್ತಿತ್ತು. ಊರಿಗೆ ಊರೇ ಕೇಳಿಸಿಕೊಂಡಿತು. ಆಮೇಲೆ ನೀರಿನ ನಲ್ಲಿಯ ಹತ್ತಿರ ಹೆಂಗಸರು, ಕುಲಿಪಾಳಿಗೆ ಕೇಳಿಸುವಂತೆಯೇ ಆಡಿಕೊಂಡರು:

"ಆ ಸಭೆಗೆ ಸೇರಿದೋರಿಗೆ ಕಣ್ಣಿನ ನಲ್ಲೀನ ಒಳಗಿಂದಾನೇ ಬಂದ್ ಮಾಡ್ತಾರಂತೆ ಕಣ್ರೇ."

"ನಮ್ಮನೆಯೋನಿಗೆ ಬಾಯಿದು ಬಂದ್ ಮಾಡ್ತಾರಾ ಕೇಳು, ಇವತ್ತೇ ಸೇರಿಸ್ತೀನಿ."

ಕುಲಿಪಾ ಬಿಂದಿಗೆ ತುಂಬಿಕೊಂಡು ಹೋದಳು.

ಕೆಲವು ವರ್ಷಗಳ ನಂತರ ಸಾಲ್ಕಿನ್ ಹಾಸಿಗೆ ಹಿಡಿದಳು. ಇದ್ದದ್ದು ಮಗ ಕುಬಾತನ ಮನೆಯಲ್ಲಿ. ಒಂದು ದಿನ ಕುಲಿಪಾ ಕಾಲು ಒತ್ತುತ್ತಿದ್ದಾಗ ಮುದುಕಿ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ನಾನು ಹೋದಾಗ ಬರ್ತೀಯೇನೇ?"

"ಇದೇನವ್ವಾ ಹೀಗೆ ಕೇಳ್ತೀಯಾ? ಬರ್ದೆ ಇರ್ತೀನಾ?"

"ಬರೋದು ಕತ್ತೇನೂ ಬರುತ್ತೆ. ಒಳಗೆ ಬರ್ತೀಯಾ ಅಂತ ಕೇಳಿದ್ದು. ನಿಮ್ಮಪ್ಪ ಹೋದಾಗ ಗೂಟದ ಪಕ್ಕ ಇನ್ನೊಂದು ಗೂಟ ಆಗಿ ನಿಂತಿದ್ಯಲ್ಲ, ಹಾಗೇನಾ?"

ಕುಲಿಪಾಳ ಕೈ ನಿಂತಿತು.

"ನಂಗಿರೋದು ನೀನೊಬ್ಬಳೇ ಹೆಣ್ಣು," ಎಂದಳು ಮುದುಕಿ. "ಕುಬಾತನ ಹೆಂಡತಿ ಅತ್ತರೆ ಕರು ಕಳ್ಕೊಂಡ ಹಸು ಅರಚಿದ ಹಾಗಿರುತ್ತೆ. ಅದನ್ನ ಕೇಳ್ಕೊಂಡು ಹೋಗು ಅಂತೀಯಾ ನನ್ನ?"

"ಅತ್ತೇ, ನಂಗೆ ಕೇಳಿಸ್ತಾ ಇದೆ," ಎಂದಳು ಸೊಸೆ ಒಲೆಯ ಬಳಿಯಿಂದ.

"ಕೇಳಿಸ್ಲಿ ಅಂತಾನೇ ಹೇಳಿದ್ದು. ಚಹಾ ತಾ."

ಕುಲಿಪಾ ಎದ್ದು ಬಂದಳು. ಹೂಂ ಅಂದರೆ ಕೊಳೆಯಿಂದ ತನ್ನನ್ನು ಎತ್ತಿದ ಸಭೆ ಹೋಗುತ್ತದೆ. ಉಹೂಂ ಅಂದರೆ ಅವ್ವ ಅಳುವ ಮಗಳಿಲ್ಲದೆ ಹೋಗುತ್ತಾಳೆ.

ಅಷ್ಟರಲ್ಲಿ ಮಕ್ಸಾತನ ಅಪ್ಪ, ಹಳೆಯ ಅಧ್ಯಕ್ಷ, ತೀರಿಕೊಂಡ. ಸಭೆಯವರಿಗೆಲ್ಲ ಫೋನಿನಲ್ಲಿ ಸಂದೇಶ ಬಂತು: ಪಾಸ್ಟರ್ ಮಗನಾಗಿ ಸುಮ್ಮನೆ ಹಾಜರಿರುತ್ತಾರೆ, ನೀವ್ಯಾರೂ ಬರುವುದು ಬೇಡ. ಆದರೆ ಕಡಾಯಿ ಬೇಕಲ್ಲ. ಕುಲಿಪಾ ಅವನ್ನು ಗಾಡಿಗೆ ಹೇರಿಕೊಂಡು ಹೋದಳು.

ಅಂಗಳದಲ್ಲಿ ಹೊಸ ಬಿಳಿ ಉಣ್ಣೆಯ ಗುಡಾರ. ಒಳಗೆ ಪಕ್ಕದ ಕಣಿವೆಯಿಂದ ಕರೆಸಿದ ಹೆಸರಾಂತ ಅಳುಗಾರ್ತಿ ಹಾಡುತ್ತಿದ್ದಳು. ಆ ದನಿ ಕಿವಿಗೆ ಬಿದ್ದ ಮೇಲೆ ಈ ಊರಲ್ಲಿ ಹುಟ್ಟಿದವರು ಯೋಚಿಸುತ್ತ ನಿಲ್ಲುವುದಿಲ್ಲ. ಗೇಟು ದಾಟುತ್ತಿದ್ದಂತೆ ಕುಲಿಪಾಳ ಕೈಗಳು ಅಳುವವರ ರೂಢಿಯಂತೆ ತಾವಾಗಿ ಸೊಂಟಕ್ಕೆ ಹೋದವು, ಬಾಯಿ ತಾನಾಗಿ ತೆರೆಯಿತು:

"ಅಂಥ ಬೆಟ್ಟ ಕುಸಿದು ಬಿತ್ತಲ್ಲಾ, ಇನ್ನು ಗಾಳಿಗೆ ಅಡ್ಡ ಯಾರಪ್ಪಾ!"

ಗಂಡಸರ ಸಾಲಿನಿಂದ ಎಲ್ಲರಿಗಿಂತ ದೊಡ್ಡ ದನಿಯೊಂದು ಉತ್ತರ ಕೊಟ್ಟಿತು: "ಅಯ್ಯೋ ನನ್ನ ಬೆಟ್ಟವೇ! ನನ್ನ ಅಪ್ಪನೇ!"

ನಡುವಿಗೆ ವಸ್ತ್ರ ಬಿಗಿದು, ಕೋಲಿನ ಮೇಲೆ ಭಾರ ಹಾಕಿ, ಎದೆಯಿಂದ ಕೂಗು ಹೊರಡಿಸುತ್ತಿದ್ದ ಆ ಮನುಷ್ಯ ತಲೆ ಎತ್ತಿದ. ಮಕ್ಸಾತ್. ಕಣ್ಣಿಗೆ ಕಣ್ಣು ಸಿಕ್ಕಿತು. ಇಬ್ಬರೂ ನಿಲ್ಲಿಸುವಂತಿರಲಿಲ್ಲ, ಅರ್ಧಕ್ಕೆ ನಿಲ್ಲಿಸಿದರೆ ಸತ್ತವರಿಗೆ ಅವಮಾನ. ಅವಳು ಗುಡಾರ ಮುಟ್ಟುವವರೆಗೆ ಪಾಸ್ಟರನೂ ಅವನ ಸಭೆಯ ಹೆಂಗಸೂ ಸರದಿಯ ಮೇಲೆ ಗೋಳಿಟ್ಟರು. ಅವಳ ಹಿಂದೆಯೇ ಜಿಲ್ಲೆಯ ಆಡಳಿತ ನಡೆಸುವ ಅಕೀಮ ಸಾಹೇಬರ ಕಾರು ಬಂತು. ಮಕ್ಸಾತ್ ಮತ್ತೆ ಶುರು ಮಾಡಿದ, ಇನ್ನೂ ಜೋರಾಗಿ.

ಇಲ್ಲಿ ಕುಲಿಪಾ ಒಂದು ತಪ್ಪು ಮಾಡಿದಳು. ಇದರಲ್ಲಿ ಮೋಸವಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಪಾಸ್ಟರನಿಗೂ ಅಪ್ಪ ಅಪ್ಪನೇ, ಹೃದಯ ಕರಗಿತು, ಇನ್ನು ಆ ಕಟ್ಟಪ್ಪಣೆ ಸತ್ತಂತೆಯೇ ಎಂದುಕೊಂಡಳು. ಕಡಾಯಿ ಇಳಿಸಿದವಳೇ ಕುಬಾತನ ಮನೆಗೆ ನಡೆದಳು.

"ಅವ್ವಾ, ಬರ್ತೀನಿ. ಒಳಗೇ ಬರ್ತೀನಿ."

"ಹಾಗಾದ್ರೆ ನಾನಿನ್ನು ಯಾವಾಗ ಬೇಕಾದ್ರೂ ಹೋಗಬಹುದು," ಎಂದಳು ಸಾಲ್ಕಿನ್. "ಆದ್ರೆ ಇವತ್ತು ಬೇಡ, ಇವತ್ತು ನೂಡಲ್ಸ್ ಮಾಡಿದಾರೆ."

ಭಾನುವಾರ ಮಕ್ಸಾತ್ ವೇದಿಕೆ ಹತ್ತಿದ. ಸಭೆಯ ಒಬ್ಬ ಸಹೋದರಿ ಊರೆಲ್ಲ ನೋಡುತ್ತಿರುವಾಗ ಗೇಟಿನಲ್ಲಿ ದನಿ ತೆಗೆದು ಹಳೆಯ ಅನ್ಯಮತದ ಕೆಸರಿಗೆ ಮರಳಿದ್ದಾಳೆ, ಎಲ್ಲರ ಮುಂದೆ ಪಶ್ಚಾತ್ತಾಪ ಪಡಬೇಕು, ಇಲ್ಲವಾದರೆ ನಿಯಮ ನಿಯಮವೇ, ಎಂದ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ತಲೆಗಳೆಲ್ಲ ಒಂದೇ ಕಡೆಗೆ ತಿರುಗಿದ್ದವು. ತನ್ನ ಕೋಲಿನ ಬಗ್ಗೆ, ನಡುವಸ್ತ್ರದ ಬಗ್ಗೆ, ಕರೆಸಿದ ಅಳುಗಾರ್ತಿಯ ಬಗ್ಗೆ ಒಂದಕ್ಷರವಿಲ್ಲ. ಎಂಥ ನಾಲಗೆ ಬೇಕು ನೋಡಿ ಇದಕ್ಕೆ!

ಕುಲಿಪಾ ಅಂದು ನೇರ ಶಾಲೆಗೆ ನಡೆದಳು. ಒಲೆಮನೆಯಲ್ಲಿ ಬೆಂಕಿ ಹಿಡಿದ ಮೇಲೆ ಬೈಬಲ್ ತೆಗೆದು ಕೂತಳು. ಓದುವುದರಲ್ಲಿ ಅವಳು ನಿಧಾನ. ಒಂದು ಸಾಲಿಗೆ ಬೆರಳಿಟ್ಟರೆ ಅದು ಕಪ್ಪಾಗುವ ತನಕ ಎತ್ತುವವಳಲ್ಲ. ತನಗೆ ಬೇಕಾದದ್ದಷ್ಟೇ ಹುಡುಕಿದಳೆಂದು ತಿಳಿಯಬೇಡಿ. ಸತ್ತವರಿಗಾಗಿ ಮೈ ಗಾಯ ಮಾಡಿಕೊಳ್ಳಬೇಡಿ ಎಂಬ ಮಾತು ಮೋಶೆಯ ಕಟ್ಟಳೆಗಳಲ್ಲಿ ಸಿಕ್ಕಿತು. ನಮ್ಮ ಹೆಂಗಸರು ಗುಡಾರದಲ್ಲಿ ಕೆನ್ನೆ ಪರಚಿಕೊಳ್ಳುತ್ತಾರೆ. ಅವಳೂ ಹಿಂದೆ ಪರಚಿಕೊಂಡಿದ್ದಳು, ಗುರುತು ಇನ್ನೂ ಇದೆ. ಆ ಪುಟವನ್ನೂ ಅವಳು ಮಡಚಿಟ್ಟಳು.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಚಹಾಕ್ಕೆ ಕೂತಾಗ ಕೇಳಿದಳು. ಮಕ್ಸಾತನ ಹೆಂಡತಿ ಐಸುಲು ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಿದ್ದಳು.

"ಪಾಸ್ಟರ್, ಅಳಬಾರದು ಅಂತ ಎಲ್ಲಿ ಬರೆದಿದೆ? ನಂಗೆ ಸಿಗ್ಲಿಲ್ಲ."

ಮಕ್ಸಾತ್ ನಕ್ಕ. "ಯಾಯೀರನ ಮನೇಲಿ ಗೋಳಾಡ್ತಿದ್ದೋರನ್ನ ಯೇಸು ಹೊರಗೆ ಹಾಕಲಿಲ್ವಾ ಎಜೆ?"

"ಹಾಕಿದ್ರು. ಹುಡುಗಿ ಸತ್ತಿಲ್ಲ ಅಂದಿದ್ದಕ್ಕೆ ಅವರು ನಗಾಡಿದ್ರಲ್ಲ. ಗೋಳಾಡ್ತಾ ಇದ್ದೋರು ಅಷ್ಟು ಬೇಗ ನಗೋದಾದ್ರೆ ನಾನಾಗಿದ್ರೂ ಹೊರಗೇ ಹಾಕ್ತಿದ್ದೆ."

ಯಾರೋ ಬಟ್ಟಲಿನೊಳಗೆ ನಕ್ಕರು. ಮಕ್ಸಾತನ ನಗು ಸ್ವಲ್ಪ ಕಮ್ಮಿಯಾಯಿತು.

"ನಿರೀಕ್ಷೆ ಇಲ್ಲದೋರ ಹಾಗೆ ದುಃಖಪಡಬೇಡಿ ಅಂತ ಪೌಲ ಬರೆದಿದಾನೆ."

"ಅವರ ಹಾಗೆ ಬೇಡ ಅಂದ. ದುಃಖಾನೇ ಬೇಡ ಅಂದ್ನಾ? ಲಾಜರನ ಗೋರಿ ಹತ್ರ ಯೇಸುನೇ ಅತ್ರು. ಇನ್ನೊಂದು ಗಳಿಗೇಲಿ ಅವನನ್ನ ಎಬ್ಬಿಸೋದು ಅವರಿಗೆ ಗೊತ್ತಿತ್ತು, ಆದ್ರೂ ಅತ್ರು. ಆಮೇಲೆ ಯೊಪ್ಪದಲ್ಲಿ, ಆ ಹೊಲಿಗೆ ಹೆಂಗಸು ಸತ್ತಾಗ, ವಿಧವೆಯರೆಲ್ಲ ಅವಳು ಹೊಲಿದುಕೊಟ್ಟ ಬಟ್ಟೆ ತೋರಿಸ್ಕೊಂಡು ಅತ್ರಂತೆ. ಕೊಶೋಕ್ ಅಂದ್ರೂ ಅದೇ ಅಲ್ವಾ? ಇನ್ನೂ ಒಂದಿದೆ, ಯೆರೆಮೀಯನಲ್ಲಿ, ಅಳೋ ಹೆಂಗಸರನ್ನ ದೇವರೇ ಕರೆಸಿ ಅಂತಾನೆ…"

"ಎಲ್ಲಿ? ಯಾವ ಅಧ್ಯಾಯ? ತೋರಿಸಿ."

ಕುಲಿಪಾ ಪುಟ ತಿರುಗಿಸಿದಳು. ಚಹಾದ ಹಬೆಗೆ ಕನ್ನಡಕ ಮಂಜಾಯಿತು. ಒರೆಸಿಕೊಂಡು ಮತ್ತೆ ತಿರುಗಿಸಿದಳು. ಮಡಚಿದ್ದ ಪುಟ ಯಾವುದೋ, ಸಿಕ್ಕಿದ್ದು ಯಾವುದೋ. ಮಕ್ಸಾತ್ ಕಾದ, ಎಲ್ಲರೂ ನೋಡಲೆಂದು ಸಾವಧಾನವಾಗಿ ಕಾದ.

"ನೋಡಿದ್ರಾ?" ಎಂದ ಕೊನೆಗೆ, ಸಭೆಯ ಕಡೆ ತಿರುಗಿ. "ಅರ್ಧಂಬರ್ಧ ಓದಿದ್ರೆ ಹೀಗೇ. ಹಳೇ ಒಡಂಬಡಿಕೆ ಬೇರೆ, ಅದರ ಕಾಲ ಬೇರೆ. ಇದನ್ನೆಲ್ಲ ಅರ್ಥ ಮಾಡ್ಕೊಳ್ಳೋದಕ್ಕೆ ವರ್ಷಗಟ್ಟಲೆ ಓದ್ಬೇಕು. ಬೂದಿ ಬಾಚ್ತಾ ಬಾಚ್ತಾ ಆಗೋ ಕೆಲಸ ಅಲ್ಲ ಎಜೆ."

ಈ ಸಲ ನಕ್ಕವರು ಹೆಚ್ಚು ಮಂದಿ. ಬೆರೋಯದವರ ಕತೆ ಯಾರಿಗೂ ನೆನಪಾಗಲಿಲ್ಲ. ಕುಲಿಪಾ ಪುಸ್ತಕ ಮುಚ್ಚಿದಳು. ವಾದದಲ್ಲಿ ಸೋತಿದ್ದಳು, ಅದು ಅವಳಿಗೂ ಗೊತ್ತಾಯಿತು.

"ಆಯ್ತು," ಎಂದಳು. "ನಂಗೆ ತಿಳೀದು. ಹಾಗಾದ್ರೆ ನೀವ್ಯಾಕೆ ಅತ್ರಿ?"

ನಗು ನಿಂತಿತು.

"ಅದು ಬೇರೆ ವಿಷಯ," ಎಂದ ಮಕ್ಸಾತ್. "ನಾನೇನು ಮನಸ್ಸಿಂದ ಅತ್ತಿದ್ದಲ್ಲ. ಅಕೀಮರು ಬರೋರಿದ್ರು, ಊರ ಹಿರಿಯರೆಲ್ಲ ನಿಂತಿದ್ರು. ನಾಳೆ ಈ ಪ್ರಾರ್ಥನಾ ಮನೆ ಉಳೀಬೇಕಾದ್ರೆ ಅವರ ಕೃಪೆ ಬೇಕು. ನೋಡೋರ ಮುಂದೆ ಮಾಡ್ಬೇಕಾಗಿತ್ತು, ಮಾಡ್ದೆ. ಒಳಗೆ ಏನಿತ್ತು ಅಂತ ದೇವರಿಗೆ ಗೊತ್ತು."

ಕುಲಿಪಾ ಅವನನ್ನೇ ನೋಡಿದಳು. ಸಿಟ್ಟಿನಿಂದಲ್ಲ.

"ನಾನು ನೀವು ನಿಜವಾಗ್ಲೂ ಅತ್ರಿ ಅಂದ್ಕೊಂಡಿದ್ದೆ," ಎಂದಳು. "ನಿಮ್ಮಪ್ಪನಿಗೆ."

ಐಸುಲು ಬಗ್ಗಿಸುತ್ತಿದ್ದ ಚಹಾ ಬಟ್ಟಲು ತುಂಬಿ ಮೇಜಿನ ಮೇಲೆ ಹರಿಯಿತು. ಯಾರೂ ಒರೆಸಲಿಲ್ಲ.

ಜನ ನೋಡಲೆಂದು ಮುಖ ಬಾಡಿಸಿಕೊಳ್ಳುವವರನ್ನು ಯೇಸು ಕಪಟಿಗಳೆಂದು ಕರೆದನೆಂದು ತಿಳಿಯಲು ರಾಜಧಾನಿಯಲ್ಲಿ ಓದಿ ಬರಬೇಕಾಗಿಲ್ಲ. ಬೆಟ್ಟದ ಮೇಲಿನ ಆ ಬೋಧನೆಯನ್ನು ಮಕ್ಸಾತನೇ ಎಷ್ಟು ಸಲ ಮೇಜು ಗುದ್ದಿ ವಿವರಿಸಿದ್ದ! ನಿಜವಾಗಿ ಅಳುವುದು ಪಾಪ, ಸುಳ್ಳು ಸುಳ್ಳೇ ಅತ್ತರೆ ಪರವಾಗಿಲ್ಲ. ಇಂಥ ಧರ್ಮವನ್ನು ಯಾವ ಪುಸ್ತಕದಿಂದ ತೆಗೆದನೋ ಅವನೇ ಹೇಳಬೇಕು. ಕ್ರಿಸ್ತನ ಮುಂದಿದ್ದ ತೋರಿಕೆಯ ಭಕ್ತಿಯ ಫರಿಸಾಯರಿಗೂ ಇದು ಹೊಳೆದಿರಲಿಕ್ಕಿಲ್ಲ.

ಹಿಮ ಕರಗಲು ಶುರುವಾಗುವ ಮುಂಚೆ ಸಾಲ್ಕಿನ್ ತೀರಿಕೊಂಡಳು. ಕುಬಾತನೇ ಒಲೆಮನೆಗೆ ಬಂದ. ಬಾಗಿಲಲ್ಲೇ ನಿಂತು, "ಕಡಾಯಿ ಬೇಕು," ಎಂದ. ಸ್ವಲ್ಪ ತಡೆದು, "ನೀನು?" ಎಂದ.

"ಬಂದೆ. ಗಾಡಿ ಹೂಡು," ಎಂದಳು ಕುಲಿಪಾ.

ಗೂಟದ ಪಕ್ಕ ಸಭೆಯ ಕೆಲವು ಹೆಂಗಸರು ಆಗಲೇ ನಿಂತಿದ್ದರು, ಪಾಸ್ಟರನ ನಿಯಮದಂತೆ, ಹೊರಗೆ. ತನ್ನ ಮನೆಯ ಕಸ ಗುಡಿಸಿದವರು, ತನ್ನ ತಲೆ ಬಾಚಿದವರು. ಅವಳು ಅವರ ಕೈಗಳನ್ನು ಒಮ್ಮೆ ಹಿಡಿದಳು. ಆಮೇಲೆ ಬಗ್ಗಿ ಗುಡಾರದೊಳಗೆ ಹೋಗಿ, ಅವ್ವ ಹೊಲಿದ ಕೌದಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಮೊದಲ ದನಿ ಗೇಟಿನಿಂದ ಬಂದಾಗ ಉತ್ತರ ಕೊಟ್ಟಳು.

ಹಿಮ ಕರಗೋ ತನಕ ತಡೀಬಾರದಿತ್ತೇನವ್ವಾ,
ಮೇಕೆ ಮರಿ ಹಾಕೋ ಹೊತ್ತು ಬಂದಿತ್ತಲ್ಲೇ,
ನೀ ಹೊಲಿದ ಕೌದೀ ಮ್ಯಾಲೆ ಕುಂತೀನಿ ನೋಡವ್ವಾ,
ಒಂದೊಂದು ಹೊಲಿಗೇಲೂ ನಿನ್ನ ಬೈಗುಳ ಐತಲ್ಲೇ.
ಅಪ್ಪ ಹೋದಾಗ ಗೂಟಾಗಿ ನಿಂತಿದ್ದೆನವ್ವಾ,
ಆವತ್ತಿನ ಕಣ್ಣೀರೂ ಸೇರಿಸಿ ತಂದೀನಿ ತಕ್ಕೊಳ್ಳೇ,
ಎಲ್ಲಿಗೆ ಹೋದ್ಯೋ ನಾ ಹೇಳಬಲ್ಲೆನೇನವ್ವಾ,
ಬಲ್ಲೋನು ಒಬ್ಬನೇ, ಗೋರಿ ಮುಂದೆ ಅವನೂ ಅತ್ತೋನೇ.

ಚಿಕ್ಕಮ್ಮನೊಬ್ಬಳು ಮೊಣಕೈಯಿಂದ ತಿವಿದಳು. "ಕೆನ್ನೆ ಪರಚ್ಕೊಳ್ಳೇ, ಜನ ನೋಡ್ತಾರೆ."

"ಅದು ಬೇಡ ಅಂತ ಬರೆದಿದೆ ಚಿಕ್ಕಮ್ಮ."

"ಅಳೋದು ಬೇಕು, ಪರಚೋದು ಬೇಡ. ನಿನ್ನ ಪುಸ್ತಕ ಏನು ಮೀನಾ, ಮುಳ್ಳು ತೆಗೆದು ತಿನ್ನೋಕೆ?"

"ಇದ್ದಿದ್ದನ್ನ ಇದ್ದ ಹಾಗೆ ಹೇಳಿದೆ," ಎಂದು ಕುಲಿಪಾ ಮತ್ತೆ ಗೋಡೆಗೆ ತಿರುಗಿದಳು. ಹೀಗೆ ಆ ಕಡೆಯವರಿಗೂ ಅವಳು ಪೂರ್ತಿ ಸರಿಹೋಗಲಿಲ್ಲ.

ಮಕ್ಸಾತ್ ಬರಲಿಲ್ಲ. ಅಕೀಮ ಬರುವ ಮನೆ ಅದಾಗಿರಲಿಲ್ಲ.

ಭಾನುವಾರ ಅವನು ಕೈ ಎತ್ತಿಸಿದ. ಎತ್ತಿದರು. ಗೂಟದ ಪಕ್ಕ ನಿಂತಿದ್ದವರೂ ಎತ್ತಿದರು, ಕೆಲವರು ಹೆಗಲಿನಷ್ಟು, ಒಬ್ಬಳು ಕಿವಿ ಕೆರೆದುಕೊಳ್ಳುವಷ್ಟು. ಕುಲಿಪಾ ಸದಸ್ಯಳಲ್ಲ ಎಂದಾಯಿತು. ಆದರೂ ಅವಳು ಹೋಗುತ್ತಾಳೆ. ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಪ್ರಭುಭೋಜನದ ರೊಟ್ಟಿಯ ತಟ್ಟೆ ಅವಳನ್ನು ದಾಟಿ ಮುಂದೆ ಹೋಗುತ್ತದೆ. ಅಲ್ಲಿಯ ಒಲೆ ಹೊಗೆ ಕಕ್ಕಿದರೆ ಎದ್ದು ಸರಿ ಮಾಡಿ ಬಂದು ಮತ್ತೆ ಕೂರುತ್ತಾಳೆ. "ಇನ್ನೂ ಯಾಕೆ ಹೋಗ್ತೀಯಾ, ಸಭೆ ಮಕ್ಸಾತಂದಲ್ವಾ?" ಎಂದು ಕುಬಾತ್ ಕೆಣಕಿದರೆ, "ಅಲ್ಲ, ಅದಕ್ಕೇ ಹೋಗ್ತೀನಿ," ಎನ್ನುತ್ತಾಳೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಐಸುಲು ಒಲೆಮನೆಗೆ ಬಂದಳು. ಮಕ್ಕಳು ಅಂಗಳದಲ್ಲಿ ಗದ್ದಲ ಮಾಡುತ್ತಿದ್ದರು. ಅವಳು ಬಾಗಿಲು ಮುಂದೆ ಮಾಡಿದಳು.

"ಎಜೆ, ನಮ್ಮವ್ವನಿಗೆ ಹುಷಾರಿಲ್ಲ. ಬೇಸಿಗೆ ನೋಡೋದು ಕಷ್ಟ ಅಂದಿದಾರೆ." ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿದಳು. "ಆವತ್ತು… ನೀವು ಬಂದು ಕೂರ್ತೀರಾ?"

"ನಾನು ಬಂದು ಅತ್ತು ಹೋಗಬಹುದು," ಎಂದಳು ಕುಲಿಪಾ. "ಆದ್ರೆ ಅವಳು ನಿನ್ನವ್ವ. ಕಾಯೋದು ನಿನ್ನ ದನಿಗೆ."

"ನಂಗೆ ಬರಲ್ಲ. ಯಾರೂ ಕಲಿಸ್ಲಿಲ್ಲ."

ಕುಲಿಪಾ ಕೈ ಒರೆಸಿಕೊಂಡು ಬೈಬಲ್ ತೆಗೆದಳು. ಅಂದು ಚಹಾದ ಮೇಜಿನಲ್ಲಿ ಕೈಗೆ ಸಿಗದೆ ಹೋಗಿದ್ದ ಯೆರೆಮೀಯನ ಪುಟ ಈಗ ಮಸಿಯ ಬೆರಳಚ್ಚು ಹೊತ್ತು ತಾನಾಗಿ ತೆರೆದುಕೊಂಡಿತು. ಐಸುಲು ಬಗ್ಗಿ ಓದಿದಳು. ನಿಮ್ಮ ಹೆಣ್ಣುಮಕ್ಕಳಿಗೆ ಗೋಳಾಟ ಕಲಿಸಿರಿ, ಒಬ್ಬಳು ತನ್ನ ನೆರೆಯವಳಿಗೆ ಶೋಕಗೀತೆ ಹೇಳಿಕೊಡಲಿ ಎಂಬರ್ಥದ ಮಾತು ಅಲ್ಲಿತ್ತು. ಅವಳು ಎರಡನೆಯ ಸಲ ಓದಿದಳು.

"ಇಲ್ಲೇ ಇತ್ತಾ ಇದು?"

"ಅವತ್ತೂ ಇಲ್ಲೇ ಇತ್ತು. ಮನೇಲಿ ಏನು ಹೇಳಿ ಬಂದಿದೀಯಾ?"

"ಕಡಾಯಿ ಕೇಳೋಕೆ ಅಂತ."

"ಸುಳ್ಳು ಬೇಡ. ಹೋಗಿ, ಅಳೋದು ಕಲಿಯೋಕೆ ಹೋಗಿದ್ದೆ ಅನ್ನು."

 ಐಸುಲು ಹೂಂ ಎಂದು ತಲೆಯಾಡಿಸಿ, ಕಲ್ಲಿದ್ದಲ ಡಬ್ಬ ಮಗುಚಿ ಅದರ ಮೇಲೆ ಕೂತಳು.

"ಮೊದಲು ಹೇಳು," ಎಂದಳು ಕುಲಿಪಾ. "ನಿಮ್ಮವ್ವ ಏನು ಹೊಲೀತಾಳೆ?"

"ಏನೂ ಹೊಲಿಯಲ್ಲ. ಬರೀ ಬೈತಾಳೆ."

"ಒಳ್ಳೇದು. ಅಲ್ಲಿಂದಾನೇ ಶುರು ಮಾಡು."